ಒಯ್ಯಬಹುದಾದ ಸರಳ ಸೂರ್ಯಗಡಿಯಾರ: ಪದೇ ಪದೇ ಕೇಳುವ ಪ್ರಶ್ನೆಗಳು

ಒಂದು ಚೌಕ ರಟ್ಟು, ಅದರ ನಡುವೆ ತೂರಿದ ಒಂದು ಕಡ್ಡಿ, ಕಡ್ಡಿಗೆ ಸಿಕ್ಕಿಸಿದ ಎರಡು ಪುಟ್ಟ ಕಾಗದದ ಬಿಲ್ಲೆಗಳು: ಈ ಪುಟದಲ್ಲಿ ವಿವರಿಸಿರುವ ಉಪಕರಣದಲ್ಲಿ ಇರುವುದು ಇಷ್ಟೇ. ಕಡ್ಡಿಯನ್ನು ಹೊರಗೆಳೆದರೆ ಇದು ಪುಸ್ತಕದ ಹಾಳೆಗಳ ನಡುವೆ ಇಡಬಹುದಾದ ವಸ್ತು. ನೆರಳಿಗೆ ದಿಕ್ಕೂ ಇದೆ, ಉದ್ದವೂ ಇದೆ. ಸಾಮಾನ್ಯ ಸೂರ್ಯಗಡಿಯಾರಗಳು ಇವೆರಡರಲ್ಲಿ ಒಂದನ್ನು ಮಾತ್ರ ಬಳಸಿ ಇನ್ನೊಂದನ್ನು ವ್ಯರ್ಥ ಮಾಡುತ್ತವೆ. ಎರಡನ್ನೂ ಬಳಸಿಕೊಂಡರೆ ಹೊತ್ತು ಮತ್ತು ದಿಕ್ಕು ಎರಡೂ ಒಂದೇ ಫಲಕದಲ್ಲಿ ಸಿಗುತ್ತವೆ ಎಂಬುದೇ ಮುಂದಿನ ಉತ್ತರಗಳ ಆಧಾರ.

ಸೂರ್ಯಗಡಿಯಾರಗಳಲ್ಲಿ ಹಲವು ಬಗೆಗಳಿವೆಯಲ್ಲ, ಇದನ್ನೇ ಏಕೆ ಆರಿಸಬೇಕು?

ಉದ್ಯಾನಗಳಲ್ಲಿ ಕಾಣುವ, ನೆಲಕ್ಕೆ ಸಮತಲವಾಗಿ ಮಲಗಿದ ಫಲಕದಲ್ಲಿ ಗಂಟೆಯ ಗೆರೆಗಳ ನಡುವಿನ ಅಂತರ ಒಂದೇ ಸಮನಾಗಿರುವುದಿಲ್ಲ. ಪ್ರತಿ ಗೆರೆಯ ಕೋನವನ್ನೂ ಆ ಸ್ಥಳದ ಅಕ್ಷಾಂಶಕ್ಕೆ ತಕ್ಕಂತೆ ಲೆಕ್ಕ ಹಾಕಬೇಕು, ಅಕ್ಷಾಂಶ ಬದಲಾದರೆ ಇಡೀ ಫಲಕವನ್ನು ಹೊಸದಾಗಿ ಬರೆಯಬೇಕು. ಕುರುಬರ ಗಡಿಯಾರವೆಂದು ಹೆಸರಾದ ಉರುಳೆಯಾಕಾರದ ಇನ್ನೊಂದು ಬಗೆ ಸೂರ್ಯನ ಎತ್ತರವನ್ನು ಅಳೆದು ಹೊತ್ತು ಹೇಳುತ್ತದೆ. ಅದಕ್ಕೆ ದಿಕ್ಕಿನ ಗೊಡವೆಯಿಲ್ಲ ನಿಜ, ಆದರೆ ಅದರ ವಕ್ರರೇಖೆಗಳೂ ಒಂದೇ ಅಕ್ಷಾಂಶಕ್ಕೆ ಕಟ್ಟುಬಿದ್ದಿರುತ್ತವೆ.

ಇಲ್ಲಿರುವುದು ವಿಷುವ ಫಲಕ, ಅಂದರೆ ಭೂಮಿಯ ಸಮಭಾಜಕ ವೃತ್ತಕ್ಕೆ ಸಮಾನಾಂತರವಾಗಿ ಓರೆಯಾಗಿ ನಿಲ್ಲುವ ಫಲಕ. ಇದರಲ್ಲಿ ಗಂಟೆಗೆ 15 ಡಿಗ್ರಿಯಂತೆ ಗೆರೆಗಳೆಲ್ಲ ಸಮಾನ ಅಂತರದಲ್ಲಿರುತ್ತವೆ. ಊರು ಬದಲಾದರೆ ಬದಲಿಸಬೇಕಾದದ್ದು ಫಲಕದ ಓರೆಯನ್ನು ಮಾತ್ರ, ಗೆರೆಗಳನ್ನಲ್ಲ. ಜೊತೆಯಲ್ಲಿ ಒಯ್ಯುವ ಉಪಕರಣಕ್ಕೆ ಇದಕ್ಕಿಂತ ದೊಡ್ಡ ಅನುಕೂಲ ಬೇರೊಂದಿಲ್ಲ ಎಂಬುದು ನನ್ನ ಅಭಿಪ್ರಾಯ.

ಇದು ಕೆಲಸ ಮಾಡುವುದು ಹೇಗೆ?

ಭೂಮಿ 24 ಗಂಟೆಗಳಲ್ಲಿ ಸೂರ್ಯನಿಗೆ ಸಾಪೇಕ್ಷವಾಗಿ 360 ಡಿಗ್ರಿ ತಿರುಗುತ್ತದೆ. ಹಾಗಾಗಿ ಗಂಟೆಗೆ 15 ಡಿಗ್ರಿ, ನಾಲ್ಕು ನಿಮಿಷಕ್ಕೆ ಒಂದು ಡಿಗ್ರಿ. ಕಡ್ಡಿಯನ್ನು ಭೂಮಿಯ ಅಕ್ಷಕ್ಕೆ ಸಮಾನಾಂತರವಾಗಿ ನಿಲ್ಲಿಸಿದರೆ ಸೂರ್ಯ ಆ ಕಡ್ಡಿಯ ಸುತ್ತಲೇ ಒಂದೇ ವೇಗದಲ್ಲಿ ಸುತ್ತುತ್ತಿರುವಂತೆ ಕಾಣುತ್ತಾನೆ, ಮತ್ತು ಕಡ್ಡಿಗೆ ಲಂಬವಾಗಿರುವ ಫಲಕದ ಮೇಲೆ ಬೀಳುವ ನೆರಳು ಗಡಿಯಾರದ ಮುಳ್ಳಿನಂತೆ ಸಮವೇಗದಲ್ಲಿ ಚಲಿಸುತ್ತದೆ. ನೆಲದಲ್ಲಿ ನೆಟ್ಟಗೆ ನಿಲ್ಲಿಸಿದ ಶಂಕುವಿನ, ಅಂದರೆ ನೆರಳು ನೋಡಲು ನೆಟ್ಟ ಗೂಟದ, ನೆರಳು ಹೀಗೆ ಸಮವೇಗದಲ್ಲಿ ಚಲಿಸುವುದಿಲ್ಲ. ಶಂಕುವನ್ನು ಧ್ರುವದ ಕಡೆಗೆ ಬಾಗಿಸಿದ್ದೇ ಸೂರ್ಯಗಡಿಯಾರದ ಚರಿತ್ರೆಯಲ್ಲಿ ಬಹುದೊಡ್ಡ ಹೆಜ್ಜೆ ಎನ್ನಬಹುದು.

ಏನೇನು ಬೇಕು?

ಬಾಗದಷ್ಟು ಗಟ್ಟಿಯಾದ, 12 ಸೆಂಟಿಮೀಟರ್ ಬದಿಯ ಚೌಕ ರಟ್ಟು. ಸುಮಾರು 2 ಮಿಲಿಮೀಟರ್ ದಪ್ಪದ ನೇರವಾದ ಬಿದಿರುಕಡ್ಡಿ. ಕೈವಾರ, ಅಳತೆಪಟ್ಟಿ, ಮೂಲೆಮಟ್ಟ. ಕೋನಮಾಪಕವಿದ್ದರೆ ಒಳ್ಳೆಯದು. ಸೈಕಲ್ ಚಕ್ರದ ಕಡ್ಡಿ ಬಿದಿರಿಗಿಂತ ನೇರವಾಗಿರುತ್ತದೆಂದು ನಾನು ಮೊದಲ ಸಲ ಅದನ್ನೇ ಬಳಸಿದ್ದೆ. ಪಕ್ಕದಲ್ಲಿಟ್ಟ ದಿಕ್ಸೂಚಿಯ ಸೂಜಿ ಆ ಉಕ್ಕಿನ ಕಡ್ಡಿಯತ್ತಲೇ ವಾಲುತ್ತಿದ್ದುದು ಗಮನಕ್ಕೆ ಬರಲು ಎರಡು ದಿನ ಹಿಡಿಯಿತು.

ಗಂಟೆಯ ಗೆರೆಗಳನ್ನು ಎಳೆಯುವುದು ಹೇಗೆ?

ರಟ್ಟಿನ ಎರಡೂ ಮುಖಗಳಲ್ಲಿ ಮೂಲೆಯಿಂದ ಮೂಲೆಗೆ ಗೆರೆ ಎಳೆದು ನಡುಬಿಂದುವನ್ನು ಗುರುತಿಸಿ, ಅಲ್ಲಿಂದ ಕೆಳಬದಿಗೆ ಲಂಬವಾಗಿ ಒಂದು ಗೆರೆ ಎಳೆಯಿರಿ. ಇದು 12 ಗಂಟೆಯ ಗೆರೆ. ಇದರಿಂದ ಎರಡೂ ಕಡೆಗೆ 15 ಡಿಗ್ರಿಗೊಂದರಂತೆ ಉಳಿದ ಗೆರೆಗಳನ್ನು ಎಳೆಯಬೇಕು. ಕೋನಮಾಪಕವಿಲ್ಲದಿದ್ದರೂ ತೊಂದರೆಯಿಲ್ಲ. ನಡುಬಿಂದುವಿನಿಂದ ಒಂದು ವೃತ್ತ ಎಳೆದು, ಕೈವಾರದ ಅಗಲವನ್ನು ಬದಲಿಸದೆ ವೃತ್ತದ ಮೇಲೆ ಹೆಜ್ಜೆ ಹಾಕುತ್ತಾ ಹೋದರೆ ವೃತ್ತವು 60 ಡಿಗ್ರಿಯ ಆರು ಭಾಗಗಳಾಗುತ್ತದೆ. ಪ್ರತಿ ಭಾಗವನ್ನು ಎರಡು ಸಲ ಅರ್ಧಿಸಿದರೆ 15 ಡಿಗ್ರಿ ಬಂದೇ ಬರುತ್ತದೆ.

ಅಂಕಿಗಳನ್ನು ಬರೆಯುವಾಗ ಎಚ್ಚರ ಬೇಕು. ಉತ್ತರಾರ್ಧಗೋಳದಲ್ಲಿ ಆಕಾಶದತ್ತ ಮುಖ ಮಾಡುವ ಮೇಲ್ಮುಖದ ಎದುರು ನಿಂತು ನೋಡುವವರಿಗೆ ಬೆಳಗಿನ 6 ಬಲಗಡೆಗೂ, 12 ಕೆಳಗೂ, ಸಂಜೆಯ 6 ಎಡಗಡೆಗೂ ಬರಬೇಕು. ಕೆಳಮುಖದಲ್ಲಿ ಇದು ತಿರುವುಮುರುವಾಗುತ್ತದೆ: ಬೆಳಗಿನ 6 ಎಡಕ್ಕೆ, ಸಂಜೆಯ 6 ಬಲಕ್ಕೆ. ಮೇಲ್ಮುಖದಲ್ಲಿ 6 ಗಂಟೆಯ ಆಚೆಗೂ ಒಂದೆರಡು ಗೆರೆಗಳನ್ನು ಎಳೆದಿಡುವುದು ಒಳಿತು, ಏಕೆಂದರೆ ಹಗಲು ದೀರ್ಘವಾಗಿರುವ ದಿನಗಳಲ್ಲಿ ಸೂರ್ಯ 6ಕ್ಕೆ ಮುಂಚೆಯೇ ಹುಟ್ಟಿ 6ರ ನಂತರ ಮುಳುಗುತ್ತಾನೆ. ಕೆಳಮುಖಕ್ಕೆ ಅದರ ಅಗತ್ಯ ಎಂದೂ ಬೀಳದು.

ಓರೆಯನ್ನು ಅಕ್ಷಾಂಶಕ್ಕೆ ಹೊಂದಿಸುವುದು ಹೇಗೆ?

ಕಡ್ಡಿಯು ನೆಲದೊಂದಿಗೆ ಮಾಡುವ ಕೋನವು ಸ್ಥಳದ ಅಕ್ಷಾಂಶಕ್ಕೆ ಸಮನಾಗಿರಬೇಕು. ಕಡ್ಡಿಯನ್ನು ನಡುಬಿಂದುವಿನಲ್ಲಿ ತೂರಿಸಿ, ಫಲಕಕ್ಕೆ ಎಲ್ಲ ಕಡೆಯಿಂದಲೂ ಲಂಬವಾಗಿದೆಯೇ ಎಂದು ಮೂಲೆಮಟ್ಟದಿಂದ ನೋಡಿ. ಈಗ ರಟ್ಟಿನ ಕೆಳಬದಿಯೂ ಕಡ್ಡಿಯ ಕೆಳತುದಿಯೂ ಮೇಜನ್ನು ಮುಟ್ಟುವಂತೆ ಇಟ್ಟರೆ ಫಲಕ ತಾನಾಗಿಯೇ ಓರೆಯಾಗಿ ನಿಲ್ಲುತ್ತದೆ. ಫಲಕದ ಕೆಳಗೆ ಕಡ್ಡಿ ಎಷ್ಟು ಉದ್ದ ಚಾಚಿಕೊಂಡಿದೆ ಎಂಬುದೇ ಓರೆಯನ್ನು ನಿರ್ಧರಿಸುತ್ತದೆ. ನಡುಬಿಂದು ಕೆಳಬದಿಯಿಂದ 6 ಸೆಂಟಿಮೀಟರ್ ಎತ್ತರದಲ್ಲಿರುವಾಗ, 60 ಡಿಗ್ರಿ ಅಕ್ಷಾಂಶಕ್ಕೆ 3.5 ಸೆಂಟಿಮೀಟರ್, 45ಕ್ಕೆ 6, 40ಕ್ಕೆ 7.2, 30ಕ್ಕೆ 10.4, 20ಕ್ಕೆ 16.5, 15ಕ್ಕೆ 22.4 ಸೆಂಟಿಮೀಟರ್ ಬೇಕಾಗುತ್ತದೆ. ಬೇರೆ ಅಕ್ಷಾಂಶಗಳಿಗೆ 6ನ್ನು ಅಕ್ಷಾಂಶದ ಟ್ಯಾಂಜೆಂಟ್‌ನಿಂದ ಭಾಗಿಸಿದರೆ ಸಾಕು.

ಸಮಭಾಜಕ ವೃತ್ತಕ್ಕೆ ಹತ್ತಿರವಾದಂತೆ ಕಡ್ಡಿ ಉದ್ದವಾಗುತ್ತಾ ಹೋಗುವುದು ಈ ವಿನ್ಯಾಸದ ಒಂದು ಕೊರತೆ. ರಟ್ಟಿನ ಕೆಳಭಾಗವನ್ನು ಕತ್ತರಿಸಿ ನಡುಬಿಂದು ಕೆಳಬದಿಯಿಂದ 3 ಸೆಂಟಿಮೀಟರ್ ಎತ್ತರಕ್ಕೆ ಬರುವಂತೆ ಮಾಡಿದರೆ ಮೇಲಿನ ಎಲ್ಲ ಉದ್ದಗಳೂ ಅರ್ಧವಾಗುತ್ತವೆ: 15 ಡಿಗ್ರಿಗೆ 11.2 ಸೆಂಟಿಮೀಟರ್ ಆಯಿತು. ಇದರಿಂದ ಮಧ್ಯಾಹ್ನದ ಗೆರೆಗಳ ಉದ್ದ ಕಡಿಮೆಯಾಗುತ್ತದೆ.

ಅಕ್ಷಾಂಶವನ್ನು ಭೂಪಟದಿಂದಲೋ ಮೊಬೈಲಿನಿಂದಲೋ ತಿಳಿದುಕೊಳ್ಳಬಹುದು. ಅರ್ಧ ಡಿಗ್ರಿಯ ಹೆಚ್ಚುಕಡಿಮೆ ಇದ್ದರೆ ಈ ಉಪಕರಣಕ್ಕೆ ಅದು ಲೆಕ್ಕಕ್ಕಿಲ್ಲ.

ಎರಡು ಮುಖಗಳು ಏಕೆ ಬೇಕು?

ಮಾರ್ಚ್ 20ರ ಸುಮಾರಿನಿಂದ ಸೆಪ್ಟೆಂಬರ್ 22ರ ಸುಮಾರಿನವರೆಗೆ ಸೂರ್ಯ ಸಮಭಾಜಕ ವೃತ್ತದ ಉತ್ತರಕ್ಕಿರುತ್ತಾನೆ, ಆಗ ಬಿಸಿಲು ಮೇಲ್ಮುಖದ ಮೇಲೆ ಬೀಳುತ್ತದೆ. ಉಳಿದ ಅರ್ಧ ವರ್ಷ ಕೆಳಮುಖದ ಮೇಲೆ. ಹಗಲೂ ರಾತ್ರಿಯೂ ಸಮನಾಗಿರುವ ವಿಷುವ ದಿನಗಳ ಆಸುಪಾಸಿನಲ್ಲಿ ಬಿಸಿಲು ರಟ್ಟಿನ ಅಂಚನ್ನು ಸವರಿಕೊಂಡು ಹೋಗುವುದರಿಂದ ಯಾವ ಮುಖದಲ್ಲೂ ನೆರಳು ಸ್ಪಷ್ಟವಾಗಿ ಕಾಣದು. ಆ ನಾಲ್ಕೈದು ದಿನ ಫಲಕದ ಅಂಚಿಗೆ ಒಂದು ಕಾಗದದ ಪಟ್ಟಿಯನ್ನು ಲಂಬವಾಗಿ ಹಿಡಿದು, ಅದರ ಮೇಲೆ ಬೀಳುವ ಕಡ್ಡಿಯ ನೆರಳನ್ನು ಓದಿಕೊಳ್ಳಬೇಕು.

ಉತ್ತರ ದಿಕ್ಕು ಗೊತ್ತಿದ್ದರೆ ಹೊತ್ತನ್ನು ಓದುವುದು ಹೇಗೆ?

ಸಮತಟ್ಟಾದ ಜಾಗದಲ್ಲಿ ಕಡ್ಡಿಯ ಮೇಲ್ತುದಿ ಉತ್ತರದ ಕಡೆಗೆ ಇರುವಂತೆ ಫಲಕವನ್ನು ಇಟ್ಟು, ನೆರಳಿನ ನಡುಗೆರೆ ಎಲ್ಲಿದೆ ಎಂದು ನೋಡಿದರಾಯಿತು. ಆದರೆ ಇಲ್ಲಿ ಬೇಕಾದದ್ದು ಭೂಮಿಯ ನಿಜವಾದ ಉತ್ತರ. ದಿಕ್ಸೂಚಿ ತೋರಿಸುವುದು ಕಾಂತೀಯ ಉತ್ತರವನ್ನು. ಇವೆರಡರ ನಡುವಿನ ವ್ಯತ್ಯಾಸ ಕೆಲವು ಪ್ರದೇಶಗಳಲ್ಲಿ ನಗಣ್ಯವಾಗಿದ್ದರೆ ಕೆಲವೆಡೆ 10 ಡಿಗ್ರಿಯನ್ನೂ ಮೀರುತ್ತದೆ. ಆ ಸ್ಥಳದ ದಿಕ್ಪಾತವನ್ನು, ಅಂದರೆ ಈ ವ್ಯತ್ಯಾಸವನ್ನು, ತಿಳಿದುಕೊಂಡು ತಿದ್ದಿಕೊಳ್ಳಬೇಕು.

ದಿಕ್ಸೂಚಿಯೇ ಬೇಡವೆನ್ನುವವರಿಗೆ, ಯಜ್ಞವೇದಿಗಳ ಅಳತೆಯನ್ನು ಹೇಳುವ ಪ್ರಾಚೀನ ಗ್ರಂಥವಾದ ಕಾತ್ಯಾಯನ ಶುಲ್ಬಸೂತ್ರದಲ್ಲಿ ಹೇಳಿರುವ ಹಳೆಯ ಕ್ರಮವಿದೆ. ಸಮತಟ್ಟಾದ ನೆಲದಲ್ಲಿ ಒಂದು ಶಂಕುವನ್ನು ನೆಟ್ಟಗೆ ನಿಲ್ಲಿಸಿ, ಅದನ್ನೇ ಕೇಂದ್ರವಾಗಿಟ್ಟುಕೊಂಡು ಒಂದು ವೃತ್ತ ಎಳೆಯಬೇಕು. ಮಧ್ಯಾಹ್ನಕ್ಕೆ ಮೊದಲು ನೆರಳಿನ ತುದಿ ಕುಗ್ಗುತ್ತಾ ಬಂದು ವೃತ್ತವನ್ನು ಮುಟ್ಟುವ ಬಿಂದುವನ್ನೂ, ಮಧ್ಯಾಹ್ನದ ನಂತರ ಬೆಳೆಯುತ್ತಾ ಹೋಗಿ ಮತ್ತೆ ಮುಟ್ಟುವ ಬಿಂದುವನ್ನೂ ಗುರುತಿಸಿ ಜೋಡಿಸಿದರೆ ಪೂರ್ವಪಶ್ಚಿಮ ರೇಖೆ ಸಿಗುತ್ತದೆ. ಅದಕ್ಕೆ ಎಳೆದ ಲಂಬವೇ ಉತ್ತರದಕ್ಷಿಣ. ನೆರಳು ಅತಿ ಚಿಕ್ಕದಾಗುವ ಕ್ಷಣವನ್ನು ಕಾದು ಗುರುತಿಸುವ ಕ್ರಮಕ್ಕಿಂತ ಇದು ಎಷ್ಟೋ ಮೇಲು, ಏಕೆಂದರೆ ನಡುಮಧ್ಯಾಹ್ನದಲ್ಲಿ ನೆರಳಿನ ಉದ್ದ ಬಹಳ ಹೊತ್ತು ಬದಲಾಗದಂತೆಯೇ ಕಾಣುತ್ತದೆ. ತೊಡಕೆಂದರೆ ಇದಕ್ಕೆ ಕೆಲವು ಗಂಟೆಗಳ ಕಾಲ ಒಂದೇ ಕಡೆ ಇರಬೇಕು. ನಡೆಯುತ್ತಾ ಹೋಗುವವರಿಗೆ ಅದು ಆಗದ ಮಾತು.

ಹೊತ್ತು ಗೊತ್ತಿದ್ದರೆ ದಿಕ್ಕನ್ನು ತಿಳಿಯಬಹುದೇ?

ತಿಳಿಯಬಹುದು. ಕೈಗಡಿಯಾರದ ಸಮಯವನ್ನು ಮುಂದೆ ಹೇಳಿರುವ ತಿದ್ದುಪಡಿಗಳನ್ನು ತಿರುವುಮುರುವಾಗಿಸಿ (ಕೂಡಿಸುವಲ್ಲಿ ಕಳೆದು, ಕಳೆಯುವಲ್ಲಿ ಕೂಡಿಸಿ) ಸೂರ್ಯನ ಸಮಯಕ್ಕೆ ಪರಿವರ್ತಿಸಿ, ನೆರಳು ಆ ಗಂಟೆಯ ಮೇಲೆ ಬೀಳುವವರೆಗೆ ಫಲಕವನ್ನು ನೆಲದ ಮೇಲೆ ತಿರುಗಿಸಿದರೆ ಕಡ್ಡಿಯ ಮೇಲ್ತುದಿ ಉತ್ತರವನ್ನು ತೋರಿಸುತ್ತದೆ.

ಆದರೆ ಇದರ ನಿಖರತೆ ಎಲ್ಲ ಕಡೆಯೂ ಒಂದೇ ಅಲ್ಲ. ವಿಷುವದ ಸುಮಾರಿನಲ್ಲಿ ಫಲಕವನ್ನು ಒಂದು ಡಿಗ್ರಿ ತಪ್ಪು ದಿಕ್ಕಿಗೆ ತಿರುಗಿಸಿಟ್ಟರೆ ಹೊತ್ತಿನಲ್ಲಿ ಆಗುವ ತಪ್ಪು 45 ಡಿಗ್ರಿ ಅಕ್ಷಾಂಶದಲ್ಲಿ ಸುಮಾರು 2.8 ನಿಮಿಷ, 30ರಲ್ಲಿ 2 ನಿಮಿಷ, 15ರಲ್ಲಿ ಕೇವಲ 1 ನಿಮಿಷ. ಹೊತ್ತು ತಿಳಿಯಬೇಕೆನ್ನುವವರಿಗೆ ಇದು ವರ. ಸಮಭಾಜಕ ವೃತ್ತಕ್ಕೆ ಹತ್ತಿರವಿರುವವರು ದಿಕ್ಕನ್ನು ಅಂದಾಜಿನಲ್ಲಿ ಇಟ್ಟರೂ ಗಂಟೆ ಹೆಚ್ಚು ತಪ್ಪುವುದಿಲ್ಲ. ಅದೇ ಲೆಕ್ಕವನ್ನು ತಿರುಗಿಸಿ ನೋಡಿದರೆ ಅದು ಶಾಪ: ಹೊತ್ತಿನಲ್ಲಿ 5 ನಿಮಿಷದ ತಪ್ಪಾದರೆ ದಿಕ್ಕು 45 ಡಿಗ್ರಿ ಅಕ್ಷಾಂಶದಲ್ಲಿ 2 ಡಿಗ್ರಿಯೊಳಗೆ ತಪ್ಪುತ್ತದೆ, 15ರಲ್ಲಿ ಸುಮಾರು 5 ಡಿಗ್ರಿ ತಪ್ಪುತ್ತದೆ. ಅಕ್ಷಾಂಶ ಕಡಿಮೆಯಿರುವ ಕಡೆ ಸೂರ್ಯ ನಡುನೆತ್ತಿಗೆ ಬಂದಿರುವಾಗ ಈ ಕ್ರಮವನ್ನು ನಂಬಲೇಬಾರದು.

ಹೊತ್ತೂ ಗೊತ್ತಿಲ್ಲ, ದಿಕ್ಕೂ ಗೊತ್ತಿಲ್ಲ. ಆಗ?

ಕಾಗದದ ಬಿಲ್ಲೆಗಳು ಇರುವುದು ಇದಕ್ಕಾಗಿಯೇ. ಗಂಟೆಯನ್ನು ಹೇಳುವುದು ನೆರಳಿನ ದಿಕ್ಕು. ನೆರಳಿನ ಉದ್ದ ಹೇಳುವುದು ಬೇರೊಂದನ್ನು: ಸೂರ್ಯ ಸಮಭಾಜಕ ವೃತ್ತದಿಂದ ಎಷ್ಟು ಡಿಗ್ರಿ ದೂರದಲ್ಲಿದ್ದಾನೆ ಎಂಬುದನ್ನು, ಅಂದರೆ ಸೂರ್ಯನ ಕ್ರಾಂತಿಯನ್ನು. ಕ್ರಾಂತಿ ಒಂದು ದಿನದೊಳಗೆ ಅರ್ಧ ಡಿಗ್ರಿಯಷ್ಟೂ ಬದಲಾಗುವುದಿಲ್ಲವಾದ್ದರಿಂದ, ಫಲಕ ಸರಿಯಾದ ದಿಕ್ಕಿನಲ್ಲಿದ್ದರೆ ಬಿಲ್ಲೆಯ ನೆರಳು ಬೆಳಗಿನಿಂದ ಸಂಜೆಯವರೆಗೆ ನಡುಬಿಂದುವಿನಿಂದ ಒಂದೇ ದೂರದಲ್ಲಿ, ಒಂದು ವೃತ್ತದ ಮೇಲೆಯೇ ಸಾಗುತ್ತದೆ. ಫಲಕ ತಪ್ಪಾಗಿದ್ದರೆ ನೆರಳು ಆ ವೃತ್ತದ ಒಳಗೋ ಹೊರಗೋ ಬೀಳುತ್ತದೆ. ಹೀಗೆ ದಿನಾಂಕವೊಂದು ತಿಳಿದಿದ್ದರೆ ಉಪಕರಣವೇ ತನ್ನ ತಪ್ಪನ್ನು ತೋರಿಸಿಕೊಡುತ್ತದೆ.

ಮಾಡುವ ಕ್ರಮ ಹೀಗೆ. 8 ಮಿಲಿಮೀಟರ್ ಅಗಲದ ದುಂಡನೆಯ ಬಿಲ್ಲೆಗಳನ್ನು ಗಟ್ಟಿ ಕಾಗದದಿಂದ ಕತ್ತರಿಸಿ, ನಡುವೆ ತೂತು ಮಾಡಿ, ಫಲಕದ ಮೇಲ್ಮೈಯಿಂದ 1.5 ಸೆಂಟಿಮೀಟರ್ ದೂರದಲ್ಲಿ, ಫಲಕಕ್ಕೆ ಸಮಾನಾಂತರವಾಗಿ, ಎರಡೂ ಕಡೆ ಕಡ್ಡಿಗೆ ಸಿಕ್ಕಿಸಿ. ಮಣಿಯನ್ನು ಪೋಣಿಸಿದರೆ ಅದರ ನೆರಳು ಎಳೆದಂತೆ ಉದ್ದವಾಗಿ ಬೀಳುತ್ತದೆ, ಆದರೆ ಫಲಕಕ್ಕೆ ಸಮಾನಾಂತರವಾದ ಬಿಲ್ಲೆಯ ನೆರಳು ಬಿಸಿಲು ಎಷ್ಟೇ ಓರೆಯಾಗಿದ್ದರೂ ದುಂಡಗೆ, ಅಷ್ಟೇ ಅಗಲಕ್ಕೆ ಬೀಳುತ್ತದೆ. ನಂತರ ಎರಡೂ ಮುಖಗಳಲ್ಲಿ ನಡುಬಿಂದುವಿನಿಂದ ಮೂರು ವೃತ್ತಗಳನ್ನು ಎಳೆಯಿರಿ. 3.5 ಸೆಂಟಿಮೀಟರ್ ತ್ರಿಜ್ಯದ್ದು ಮೇಲ್ಮುಖದಲ್ಲಿ ಜೂನ್ 21ಕ್ಕೆ, ಕೆಳಮುಖದಲ್ಲಿ ಡಿಸೆಂಬರ್ 21ಕ್ಕೆ. 4.1 ಸೆಂಟಿಮೀಟರಿನದು ಮೇಲ್ಮುಖದಲ್ಲಿ ಮೇ 20 ಮತ್ತು ಜುಲೈ 24ಕ್ಕೆ, ಕೆಳಮುಖದಲ್ಲಿ ನವೆಂಬರ್ 22 ಮತ್ತು ಜನವರಿ 20ಕ್ಕೆ. 5.6 ಸೆಂಟಿಮೀಟರಿನದು ಮೇಲ್ಮುಖದಲ್ಲಿ ಮೇ 1 ಮತ್ತು ಆಗಸ್ಟ್ 12ಕ್ಕೆ, ಕೆಳಮುಖದಲ್ಲಿ ನವೆಂಬರ್ 3 ಮತ್ತು ಫೆಬ್ರವರಿ 8ಕ್ಕೆ. ನಡುವಿನ ದಿನಗಳಿಗೆ ವೃತ್ತಗಳ ನಡುವೆ ಅಂದಾಜು ಮಾಡಿಕೊಳ್ಳಬೇಕು.

ಈಗ ಫಲಕವನ್ನು ಸಮತಟ್ಟಾದ ಜಾಗದಲ್ಲಿಟ್ಟು, ಬಿಲ್ಲೆಯ ನೆರಳಿನ ನಡುಭಾಗ ಅಂದಿನ ವೃತ್ತದ ಮೇಲೆ ಕೂರುವವರೆಗೆ ಮೆಲ್ಲಗೆ ತಿರುಗಿಸಿ. ಹಾಗೆ ಕೂರುವ ಸ್ಥಾನಗಳು ಎರಡು ಸಿಗುತ್ತವೆ; ಒಂದು ಬೆಳಗಿನ 9 ಎಂದರೆ ಇನ್ನೊಂದು ಮಧ್ಯಾಹ್ನದ 3 ಎನ್ನುತ್ತದೆ. ಪೂರ್ವಾಹ್ನವೋ ಅಪರಾಹ್ನವೋ ಎಂಬುದು ಸಾಮಾನ್ಯವಾಗಿ ಗೊತ್ತೇ ಇರುತ್ತದೆ, ಇಲ್ಲವೆಂದರೆ ಹತ್ತು ನಿಮಿಷ ಕಾದು ನೋಡಿದರೆ ನೆರಳು ಯಾವ ಕಡೆಗೆ ಸರಿಯುತ್ತದೆ ಎಂಬುದರಿಂದ ಸಂಶಯ ಪರಿಹಾರವಾಗುತ್ತದೆ. ಸರಿಯಾದ ಸ್ಥಾನದಲ್ಲಿ ನೆರಳು ಗಂಟೆಯನ್ನೂ, ಕಡ್ಡಿ ಉತ್ತರವನ್ನೂ ಒಟ್ಟಿಗೆ ತೋರಿಸುತ್ತವೆ.

ಈ ಕ್ರಮ ಬೆಳಗ್ಗೆ ಮತ್ತು ಸಂಜೆ ಚೆನ್ನಾಗಿ ನಡೆಯುತ್ತದೆ. ನಡುಮಧ್ಯಾಹ್ನದ ಹೊತ್ತಿಗೆ ಎರಡು ಸ್ಥಾನಗಳು ಒಂದರೊಳಗೊಂದು ಸೇರಿಹೋಗುವುದರಿಂದ 11ರಿಂದ 1 ಗಂಟೆಯವರೆಗೆ ಇದರ ಮಾತನ್ನು ಕೇಳದಿರುವುದೇ ಲೇಸು. ಹಿಂದಿನ ಉತ್ತರದಲ್ಲಿ ಅಕ್ಷಾಂಶ ಕಡಿಮೆಯಿರುವವರಿಗೆ ಎದುರಾದ ತೊಡಕು ಇಲ್ಲಿಲ್ಲ. ಅವರಿಗೆ ಬೆಳಗಿನ ಹೊತ್ತಿನಲ್ಲಿ ಫಲಕವನ್ನು ಸ್ವಲ್ಪ ತಿರುಗಿಸಿದರೂ ಬಿಲ್ಲೆಯ ನೆರಳು ಬೇಗ ಸರಿಯುತ್ತದೆ. ವಿಷುವದ ಆಚೀಚಿನ ತಿಂಗಳುಗಳಲ್ಲಿ ನೆರಳು ರಟ್ಟನ್ನು ಮೀರಿ ಹೋಗುವುದರಿಂದ ವರ್ಷದಲ್ಲಿ ಸುಮಾರು 200 ದಿನ ಮಾತ್ರ ಇದು ನೆರವಿಗೆ ಬರುತ್ತದೆ.

17ನೆಯ ಶತಮಾನದಲ್ಲಿ ಇಂಗ್ಲೆಂಡಿನ ಗಣಿತಜ್ಞ ವಿಲಿಯಂ ಆಟ್ರೆಡ್ ರೂಪಿಸಿದ, ಒಂದರೊಳಗೊಂದು ಮಡಚಿಕೊಳ್ಳುವ ಬಳೆಗಳ ಸೂರ್ಯಗಡಿಯಾರದಲ್ಲಿರುವುದೂ ಇದೇ ತತ್ತ್ವ. ಅಲ್ಲಿ ದಿನಾಂಕಕ್ಕೆ ಸರಿಸಿದ ಸಣ್ಣ ರಂಧ್ರದಿಂದ ಬರುವ ಬೆಳಕಿನ ಚುಕ್ಕೆ ಒಳಬಳೆಯ ನಡುಗೆರೆಯ ಮೇಲೆ ಬಿದ್ದಾಗ ಉಪಕರಣ ತಾನಾಗಿಯೇ ಉತ್ತರಕ್ಕೆ ಹೊಂದಿಕೊಂಡಿರುತ್ತದೆ. ಅದೇ ಕಾಲದಲ್ಲಿ ನ್ಯೂರೆಂಬರ್ಗಿನ ಕುಶಲಕರ್ಮಿಗಳು ಆನೆದಂತದಿಂದ ಮಾಡುತ್ತಿದ್ದ, ಪುಟ್ಟ ಪುಸ್ತಕದಂತೆ ತೆರೆಯುವ ಜೇಬುಗಡಿಯಾರಗಳು ಮಾತ್ರ ದಿಕ್ಸೂಚಿಯನ್ನೇ ನೆಚ್ಚಿಕೊಂಡಿದ್ದವು.

ಎಲ್ಲವೂ ಸರಿಯಿದ್ದರೂ ಕೈಗಡಿಯಾರದೊಂದಿಗೆ ಏಕೆ ತಾಳೆಯಾಗುವುದಿಲ್ಲ?

ತಾಳೆಯಾಗಬಾರದು, ತಾಳೆಯಾದರೆ ಅದು ಆಕಸ್ಮಿಕ. ಕಾರಣಗಳು ಎರಡು. ಕೈಗಡಿಯಾರ ತೋರಿಸುವುದು ಒಂದು ನಿಗದಿತ ರೇಖಾಂಶದ ಸಮಯವನ್ನು, ಫಲಕ ತೋರಿಸುವುದು ಅದು ಇರುವ ಸ್ಥಳದ ಸಮಯವನ್ನು. ನಿಗದಿತ ರೇಖಾಂಶದಿಂದ ಪಶ್ಚಿಮಕ್ಕೆ ಹೋದಂತೆ ಫಲಕ ತೋರಿಸುವ ಹೊತ್ತಿಗೆ ಪ್ರತಿ ಡಿಗ್ರಿಗೆ 4 ನಿಮಿಷ ಕೂಡಿಸಬೇಕು, ಪೂರ್ವಕ್ಕೆ ಹೋದಂತೆ ಕಳೆಯಬೇಕು. ಬೇಸಿಗೆಯಲ್ಲಿ ಗಡಿಯಾರವನ್ನು ಮುಂದಿಡುವ ದೇಶಗಳಲ್ಲಿ ಆಗ ಇನ್ನೊಂದು ಗಂಟೆ ಸೇರಿಸಬೇಕು.

ಎರಡನೆಯದು ಕಾಲ ಸಮೀಕರಣ, ಅಂದರೆ ಸೂರ್ಯನ ದಿನ ಸದಾ ಸರಿಯಾಗಿ 24 ಗಂಟೆ ಇರದಿರುವುದರಿಂದ ಬರುವ ವ್ಯತ್ಯಾಸ. ಭೂಮಿಯ ಕಕ್ಷೆ ದೀರ್ಘವೃತ್ತವಾಗಿರುವುದರಿಂದ ಅದರ ವೇಗ ಜನವರಿಯ ಮೊದಲ ವಾರದಲ್ಲಿ ಹೆಚ್ಚು, ಜುಲೈನಲ್ಲಿ ಕಡಿಮೆ. ಜೊತೆಗೆ ಭೂಮಿಯ ಅಕ್ಷ 23.4 ಡಿಗ್ರಿ ಓರೆಯಾಗಿದೆ. ಇವೆರಡೂ ಸೇರಿ ಸೂರ್ಯನ ದಿನವನ್ನು 24 ಗಂಟೆಗಿಂತ ಕೆಲವು ಸೆಕೆಂಡು ಹಿಗ್ಗಿಸುತ್ತವೆ ಅಥವಾ ಕುಗ್ಗಿಸುತ್ತವೆ, ಆ ಸೆಕೆಂಡುಗಳು ವಾರಗಟ್ಟಲೆ ಕೂಡಿಕೊಳ್ಳುತ್ತಾ ಹೋಗುತ್ತವೆ. ಫಲಕವು ಫೆಬ್ರವರಿ 11ರ ಸುಮಾರಿಗೆ 14 ನಿಮಿಷ ಹಿಂದಿರುತ್ತದೆ, ಮೇ 14ರ ಸುಮಾರಿಗೆ ಸುಮಾರು 4 ನಿಮಿಷ ಮುಂದೆ, ಜುಲೈ 26ರ ಸುಮಾರಿಗೆ ಆರೂವರೆ ನಿಮಿಷ ಹಿಂದೆ, ನವೆಂಬರ್ 3ರ ಸುಮಾರಿಗೆ 16 ನಿಮಿಷ ಮುಂದೆ. ಏಪ್ರಿಲ್ 15, ಜೂನ್ 13, ಸೆಪ್ಟೆಂಬರ್ 1 ಮತ್ತು ಡಿಸೆಂಬರ್ 25ರ ಆಸುಪಾಸಿನಲ್ಲಿ ಈ ತಿದ್ದುಪಡಿ ಸೊನ್ನೆ.

ನಿಗದಿತ ರೇಖಾಂಶಕ್ಕಿಂತ 5 ಡಿಗ್ರಿ ಪಶ್ಚಿಮದ ಸ್ಥಳವನ್ನು ತೆಗೆದುಕೊಳ್ಳಿ. ರೇಖಾಂಶಕ್ಕಾಗಿ ಯಾವಾಗಲೂ 20 ನಿಮಿಷ ಕೂಡಿಸಬೇಕು. ನವೆಂಬರ್ 3ರಂದು ಫಲಕ 16 ನಿಮಿಷ ಮುಂದಿರುವುದರಿಂದ ಅಷ್ಟನ್ನು ಕಳೆದು ಒಟ್ಟು 4 ನಿಮಿಷ ಮಾತ್ರ ಕೂಡಿಸಿದರೆ ಸಾಕು. ಫೆಬ್ರವರಿ 11ರಂದು ಅದೇ ಸ್ಥಳದಲ್ಲಿ 34 ನಿಮಿಷ ಕೂಡಿಸಬೇಕಾಗುತ್ತದೆ. ಈ ಅಂಕಿಗಳನ್ನು ಫಲಕದ ಮೂಲೆಯಲ್ಲೇ ಬರೆದಿಟ್ಟುಕೊಂಡರೆ ಪ್ರತಿ ಸಲವೂ ನೆನಪಿಸಿಕೊಳ್ಳುವ ಕಷ್ಟವಿಲ್ಲ.

ಎಷ್ಟು ನಿಖರತೆಯನ್ನು ನಿರೀಕ್ಷಿಸಬಹುದು?

ಸೂರ್ಯ ಒಂದು ಬಿಂದುವಲ್ಲ. ಅರ್ಧ ಡಿಗ್ರಿ ಅಗಲದ ಬಿಂಬ. ಅಷ್ಟು ದೂರ ಸರಿಯಲು ಅವನಿಗೆ ಸುಮಾರು 2 ನಿಮಿಷ ಬೇಕು, ಆದ್ದರಿಂದ ನೆರಳಿನ ಅಂಚು ಯಾವಾಗಲೂ ಅಷ್ಟರಮಟ್ಟಿಗೆ ಮಸುಕು. 6 ಸೆಂಟಿಮೀಟರ್ ತ್ರಿಜ್ಯದಲ್ಲಿ ಒಂದು ಗಂಟೆಗೆ 1.57 ಸೆಂಟಿಮೀಟರ್ ಸಿಗುವುದರಿಂದ ಒಂದು ಮಿಲಿಮೀಟರ್ ಎಂದರೆ ಸುಮಾರು 4 ನಿಮಿಷ. ಜಾಗ್ರತೆಯಿಂದ ಮಾಡಿದ ಫಲಕದಲ್ಲಿ 5 ನಿಮಿಷದೊಳಗಿನ ತಪ್ಪಾದರೆ ತೃಪ್ತಿಪಡಬೇಕು.

ಹೆಚ್ಚಿನ ತಪ್ಪುಗಳು ಬರುವುದು ಗೆರೆಗಳಿಂದಲ್ಲ, ಸಮತಟ್ಟಲ್ಲದ ನೆಲದಿಂದ. ಪೂರ್ವಕ್ಕೋ ಪಶ್ಚಿಮಕ್ಕೋ ಒಂದು ಡಿಗ್ರಿ ವಾಲಿದರೆ ವಿಷುವದ ಸುಮಾರಿನಲ್ಲಿ 60 ಡಿಗ್ರಿ ಅಕ್ಷಾಂಶದಲ್ಲಿ 2 ನಿಮಿಷ ತಪ್ಪುತ್ತದೆ, 15ರಲ್ಲಿ ಸುಮಾರು 4 ನಿಮಿಷ. ಸಮಭಾಜಕ ವೃತ್ತಕ್ಕೆ ಹತ್ತಿರವಾದಷ್ಟೂ ದಿಕ್ಕಿಗಿಂತ ಮಟ್ಟವೇ ಮುಖ್ಯವಾಗುತ್ತದೆ ಎಂದಾಯಿತು. ಪುಟ್ಟ ರಸಮಟ್ಟವಿದ್ದರೆ ಜೊತೆಯಲ್ಲಿಟ್ಟುಕೊಳ್ಳಿ. ಇಲ್ಲದಿದ್ದರೆ ತಟ್ಟೆಯೊಂದರಲ್ಲಿ ತೆಳ್ಳಗೆ ನೀರು ಸುರಿದು ನೋಡಿದರೂ ನೆಲದ ಓರೆ ಗೊತ್ತಾಗುತ್ತದೆ.

ದಕ್ಷಿಣಾರ್ಧಗೋಳದಲ್ಲಿ ಏನು ಬದಲಾಗುತ್ತದೆ?

ಕಡ್ಡಿಯ ಮೇಲ್ತುದಿ ದಕ್ಷಿಣಕ್ಕೆ ಇರಬೇಕು, ಎರಡೂ ಮುಖಗಳ ಅಂಕಿಗಳ ಕ್ರಮ ತಿರುವುಮುರುವಾಗಬೇಕು, ಮತ್ತು ವೃತ್ತಗಳ ದಿನಾಂಕಗಳು ಒಂದು ಮುಖದಿಂದ ಇನ್ನೊಂದಕ್ಕೆ ಹೋಗಬೇಕು. ಉಳಿದದ್ದೆಲ್ಲ ಒಂದೇ.

ಕೈಗಡಿಯಾರದ ಗಂಟೆಮುಳ್ಳನ್ನು ಸೂರ್ಯನತ್ತ ಹಿಡಿದು ದಿಕ್ಕು ತಿಳಿಯಬಹುದಲ್ಲ, ಇಷ್ಟೆಲ್ಲ ಏಕೆ?

ಸೂರ್ಯನ ದಿಕ್ಕು ಗಂಟೆಗೆ 15 ಡಿಗ್ರಿಯಂತೆ ಸಮನಾಗಿ ಬದಲಾಗುತ್ತದೆ ಎಂಬ ಊಹೆಯ ಮೇಲೆ ಆ ಉಪಾಯ ನಿಂತಿದೆ. ಧ್ರುವಗಳಿಗೆ ಹತ್ತಿರವಾದಂತೆ ಅದು ನಿಜಕ್ಕೆ ಹತ್ತಿರ. ಉಷ್ಣವಲಯದಲ್ಲಿ ಸೂರ್ಯ ಬೆಳಗಿನ ಹೊತ್ತೆಲ್ಲ ಹೆಚ್ಚುಕಡಿಮೆ ಪೂರ್ವದಲ್ಲೇ ಏರುತ್ತಾ ಇದ್ದು ಮಧ್ಯಾಹ್ನ ಒಮ್ಮೆಲೇ ಪಶ್ಚಿಮಕ್ಕೆ ದಾಟುವುದರಿಂದ ಅಲ್ಲಿ ಈ ಉಪಾಯ ಹತ್ತಾರು ಡಿಗ್ರಿ ದಾರಿ ತಪ್ಪಿಸುತ್ತದೆ.

ರಾತ್ರಿಯಲ್ಲಿ ಇದರಿಂದ ಏನಾದರೂ ಪ್ರಯೋಜನವಿದೆಯೇ?

ಹುಣ್ಣಿಮೆಯ ರಾತ್ರಿ ಚಂದ್ರ ಸೂರ್ಯನಿಗೆ ಎದುರಾಗಿರುವುದರಿಂದ ಬೆಳದಿಂಗಳ ನೆರಳು ರಾತ್ರಿಯ ಹೊತ್ತನ್ನು ಒರಟಾಗಿ ತೋರಿಸುತ್ತದೆ. ನೆರಳು 12ರ ಮೇಲಿದ್ದರೆ ಸುಮಾರು ನಡುರಾತ್ರಿ. ಹುಣ್ಣಿಮೆ ಕಳೆದ ಪ್ರತಿ ದಿನಕ್ಕೆ ಸುಮಾರು 50 ನಿಮಿಷ ಕೂಡಿಸಬೇಕು, ಹುಣ್ಣಿಮೆಗೆ ಉಳಿದಿರುವ ಪ್ರತಿ ದಿನಕ್ಕೆ ಅಷ್ಟನ್ನೇ ಕಳೆಯಬೇಕು.

ಇದಕ್ಕಿಂತ ಉಪಯುಕ್ತವಾದದ್ದು ಧ್ರುವ ನಕ್ಷತ್ರ. ಅದು ಉತ್ತರ ಧ್ರುವಬಿಂದುವಿನಿಂದ ಒಂದು ಡಿಗ್ರಿಗಿಂತಲೂ ಕಡಿಮೆ ದೂರದಲ್ಲಿದೆ. ಉತ್ತರಾರ್ಧಗೋಳದಲ್ಲಿ ಫಲಕವನ್ನು ಎತ್ತರದ ಕಟ್ಟೆಯ ಮೇಲಿಟ್ಟು, ಕಡ್ಡಿಯ ಕೆಳತುದಿಯ ಬಳಿ ಕಣ್ಣಿಟ್ಟು ಕಡ್ಡಿಯ ಉದ್ದಕ್ಕೂ ನೋಡಿ. ಕಡ್ಡಿ ಧ್ರುವ ನಕ್ಷತ್ರದ ಕಡೆಗೇ ನೆಟ್ಟಿದ್ದರೆ ಓರೆಯೂ ದಿಕ್ಕೂ ಎರಡೂ ಸರಿಯಾಗಿವೆ. ನಕ್ಷತ್ರ ಮೇಲಕ್ಕೋ ಕೆಳಕ್ಕೋ ಕಂಡರೆ ಕಡ್ಡಿಯ ಕೆಳಭಾಗದ ಉದ್ದವನ್ನು ತಿದ್ದಬೇಕು, ಪಕ್ಕಕ್ಕೆ ಕಂಡರೆ ಫಲಕವನ್ನು ತಿರುಗಿಸಬೇಕು. ಹೊಂದಿಕೊಂಡ ಮೇಲೆ ರಟ್ಟಿನ ಕೆಳಬದಿಯ ಗುಂಟ ಕಟ್ಟೆಯ ಮೇಲೆ ಸೀಮೆಸುಣ್ಣದಿಂದ ಒಂದು ಗೆರೆ ಎಳೆದು, ಕಡ್ಡಿಯ ತುದಿ ಊರಿದ ಜಾಗದಲ್ಲಿ ಒಂದು ಚುಕ್ಕೆ ಇಟ್ಟು ಮಲಗಿದರೆ, ಮರುದಿನ ಬೆಳಗ್ಗೆ ಫಲಕವನ್ನು ಆ ಗುರುತುಗಳ ಮೇಲೆ ಇಟ್ಟ ಕ್ಷಣದಿಂದಲೇ ಹೊತ್ತನ್ನು ಓದಬಹುದು.